ಕನ್ನಡವನ್ನು ಚಿತ್ರ ಮಾಡಿ ಕಳಿಸಬೇಡಿ



ಯುಗಾದಿಗೋ ರಾಜ್ಯೋತ್ಸವಕ್ಕೋ ನಮ್ಮೆಲ್ಲರ ಇಮೇಲಿಗೆ ಬರುವ ಆಹ್ವಾನಗಳನ್ನು ಒಮ್ಮೆ ಗಮನಿಸಿ. ಹಿನ್ನೆಲೆಯಲ್ಲಿ ಹಂಪಿಯ ಕಲ್ಲಿನ ರಥ, ಮೇಲೆ ಮಾವಿನ ತೋರಣ, ನಡುವೆ ಹಳದಿ-ಕೆಂಪು ಬಣ್ಣದಲ್ಲಿ ಕನ್ನಡ. ನೋಡಲು ಚೆಂದವೋ ಚೆಂದ. ಆದರೆ ಕಂಪ್ಯೂಟರಿನ ಪಾಲಿಗೆ ಅದರಲ್ಲಿ ಒಂದಕ್ಷರವೂ ಇಲ್ಲ, ಇರುವುದು ಬರೀ ಬಣ್ಣದ ಚುಕ್ಕೆಗಳು. ಈ ಅಭ್ಯಾಸ ನಾವು ಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಕಂಪ್ಯೂಟರು ತನ್ನಲ್ಲಿರುವುದನ್ನು ಪರದೆಯ ಮೇಲಷ್ಟೇ ತೋರಿಸುವುದಿಲ್ಲ. ಪ್ರಿಂಟರಿನಲ್ಲಿ ಅಚ್ಚು ಹಾಕುತ್ತದೆ, ಸ್ಪೀಕರಿನಲ್ಲಿ ಓದಿ ಹೇಳುತ್ತದೆ, ಬ್ರೈಲ್ ಸಾಧನದಲ್ಲಿ ಬೆರಳಿಗೆ ತಾಗುವ ಚುಕ್ಕೆಗಳನ್ನು ಎಬ್ಬಿಸುತ್ತದೆ. ಅಕ್ಷರ ಅಕ್ಷರವಾಗಿಯೇ ಇದ್ದರೆ ಈ ನಾಲ್ಕೂ ದಾರಿ ತೆರೆದಿರುತ್ತವೆ. ಚಿತ್ರವಾದರೆ ಕಣ್ಣಿದ್ದವರಿಗೆ ಮಾತ್ರ.

ಈ ಕಥೆಯ ಹಳೆಯ ಅಧ್ಯಾಯಗಳು ನಮ್ಮ ಊರುಗಳಲ್ಲೇ ಇವೆ. ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದ ಟೆಲಿಟೈಪ್ ಕಾರ್ಪೊರೇಷನ್ 1963ರಲ್ಲಿ ತಂದ ಮಾಡೆಲ್ 33 ಯಂತ್ರ ಎಷ್ಟೋ ಕಂಪ್ಯೂಟರುಗಳಿಗೆ ಬಾಯಿಯಾಗಿತ್ತು. ಸೆಕೆಂಡಿಗೆ 10 ಅಕ್ಷರ ಕುಟ್ಟುತ್ತಿತ್ತು, ಅದೂ ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. ಅಚ್ಚಿನ ಉರುಳೆಯಲ್ಲಿ ಕೆತ್ತಿದ್ದೇ ಅಷ್ಟು. ಡೆಟ್ರಾಯಿಟ್‌ನ ಬರೋಸ್ (ಟಾಟಾದವರ ಜೊತೆ ಸೇರಿ ಟಾಟಾ ಬರೋಸ್ ಕಟ್ಟಿದ ಅದೇ ಕಂಪನಿ) 1955ರಲ್ಲಿ ಮಾರುಕಟ್ಟೆಗೆ ತಂದ ನಿಕ್ಸಿ ಟ್ಯೂಬಿನೊಳಗೆ ಒಂದೊಂದು ಅಂಕಿಯ ಆಕಾರಕ್ಕೂ ಬಗ್ಗಿಸಿದ ಒಂದೊಂದು ತಂತಿ. ಸೊನ್ನೆಯಿಂದ ಒಂಬತ್ತರವರೆಗೆ ತೋರಿಸಬಲ್ಲದು, ಮುಂದಕ್ಕೆ ಒಂದು ಹೆಜ್ಜೆ ಇಲ್ಲ. ಅಕ್ಷರದ ರೂಪವನ್ನು ಯಂತ್ರಕ್ಕೇ ಅಂಟಿಸಿಬಿಟ್ಟರೆ ಯಂತ್ರ ಕಲಿತದ್ದಷ್ಟೇ ಭಾಷೆ.

ಕನ್ನಡ ಈ ಅಂಟಿನಿಂದ ಬಿಡಿಸಿಕೊಂಡದ್ದು ಸುಲಭವಾಗಿ ಅಲ್ಲ. 1998ರಲ್ಲಿ 'ಬರಹ' ಬಂತು, ಆಮೇಲೆ 'ನುಡಿ' ಬಂತು, ನಮ್ಮ ಪೀಳಿಗೆ ಕಣ್ಣಿಗೊತ್ತಿಕೊಂಡಿತು. ಆದರೆ ಆಗ ಕನ್ನಡ ರೂಪ ಇದ್ದದ್ದು ಫಾಂಟಿನಲ್ಲಿ ಮಾತ್ರ, ಅದರಡಿಯಲ್ಲಿ ಇಂಗ್ಲಿಷ್ ಸಂಕೇತ. ಫಾಂಟ್ ಇಲ್ಲದ ಗೆಳೆಯನ ಮನೆಯಲ್ಲಿ 'ಕನ್ನಡ' ಎಂಬ ಪದ ತೆರೆದರೆ ಮಧ್ಯದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ! 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ, ವಿಂಡೋಸ್‌ನಲ್ಲಿ 'ತುಂಗಾ' ಫಾಂಟ್ ಬರಲು 2001ರ ಎಕ್ಸ್‌ಪಿವರೆಗೆ ಕಾಯಬೇಕಾಯಿತು, ಆಂಡ್ರಾಯ್ಡ್ ಫೋನು ಒತ್ತಕ್ಷರ ನೆಟ್ಟಗೆ ತೋರಿಸಲು 2012ರವರೆಗೆ. 'ಸ್ತ್ರೀ' ಎಂದು ಬರೆದರೆ ಈಗ ಒಳಗೆ ಉಳಿಯುವುದು ಆರು ಸಂಕೇತಗಳು. ಅವನ್ನು ಒಂದಾಗಿ ಹೆಣೆದು ತೋರಿಸುವುದು ಪರದೆಯ ಕಡೆಯ ಕೆಲಸ, ಅವನ್ನೇ ಉಚ್ಚರಿಸುವುದು ಧ್ವನಿ ತಂತ್ರಾಂಶದ ಕೆಲಸ. ಇಷ್ಟೆಲ್ಲ ಆದ ಮೇಲೆ ನಾವೇ ಮತ್ತೆ ಅಕ್ಷರವನ್ನು ಚಿತ್ರಕ್ಕೆ ಅಂಟಿಸುತ್ತಿದ್ದೇವೆ!

ನಮ್ಮ ಮನೆಯಲ್ಲಿ ಆರು ತಿಂಗಳಿಗೆಂದು ಬಂದಿರುವ ಅತ್ತೆಯವರಿಗೆ ಗ್ಲಾಕೋಮಾ, ದೃಷ್ಟಿ ಬಹಳ ಕಡಿಮೆ. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಟ್ಟಿದ್ದೇನೆ. ಅದರ ಕನ್ನಡ ರೈಲ್ವೆ ಸ್ಟೇಷನ್ನಿನ ಘೋಷಣೆಯಂತಿದ್ದರೂ, ಬೆಳಗ್ಗೆ ಕಾಫಿ ಹಿಡಿದು ಊರಿನ ಪತ್ರಿಕೆಗಳನ್ನು ಅದರಿಂದಲೇ ಓದಿಸಿಕೊಳ್ಳುತ್ತಾರೆ. ಮೊನ್ನೆ ಒಂದು ಆಹ್ವಾನ ಬಂತು. ಫೋನು "ಇಮೇಜ್" ಅಂದು ಸುಮ್ಮನಾಯಿತು. "ಏನಂತೆ ಮಾರಾಯ್ರೆ ಅದು, ನಮ್ಮನ್ನೂ ಕರೆದಿದ್ದಾರೋ?" ಎಂದು ಕೇಳಿದರು.

ಇನ್ನು ನೇಪರ್‌ವಿಲ್, ಟ್ರಾಯ್‌ಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಅಕ್ಷರವಾಗಿ ಕಳಿಸಿದರೆ ಗುಂಡಿ ಒತ್ತಿ ಕೇಳಿಸಿಕೊಂಡಾರು. ಐದು ವರ್ಷದ ಹಿಂದೆ ಯಕ್ಷಗಾನ ತಂಡ ಬಂದದ್ದು ಯಾವಾಗ ಎಂದು ಇಮೇಲಿನಲ್ಲಿ ಹುಡುಕಿದರೂ ಅದು ಸಿಗಬೇಕಲ್ಲ?

"ಈಗ ಫೋನೇ ಚಿತ್ರದಿಂದ ಅಕ್ಷರ ಓದುತ್ತದಪ್ಪ" ಎನ್ನುವವರಿದ್ದಾರೆ. ಓದುತ್ತದೆ, ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರವಿದ್ದರೆ. ರಂಗೋಲಿಯ ಮೇಲೆ ಓರೆಯಾಗಿ ಬರೆದ ಒತ್ತಕ್ಷರದಲ್ಲಿ ಅದು ಎಡವುತ್ತದೆ. ಅಲ್ಲದೆ ಎಂಬತ್ತು ವರ್ಷದವರಿಗೆ ಇನ್ನೊಂದು ಆ್ಯಪ್ ಕಲಿಸುವುದಕ್ಕಿಂತ ನಾವು ನಾಲ್ಕು ಸಾಲು ಟೈಪ್ ಮಾಡುವುದು ಸುಲಭ. ಚಿತ್ರ ಕಳಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ನಮ್ಮ ಸ್ವಯಂಸೇವಕರು ರಾತ್ರಿ ನಿದ್ದೆಗೆಟ್ಟು ಅದನ್ನು ಮಾಡುತ್ತಾರೆ, ಗೊತ್ತು. ಅದರ ಕೆಳಗೆ ದಿನಾಂಕ, ಸಮಯ, ಸ್ಥಳ, ಕಾರ್ಯಕ್ರಮಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆದುಬಿಡಿ, ಐದು ನಿಮಿಷದ ಕೆಲಸ. ಊಟದ ಪಟ್ಟಿಯನ್ನು ಮಾತ್ರ ಮರೆಯಬೇಡಿ. ಹೋಳಿಗೆ ಇದೆಯೋ ಇಲ್ಲವೋ ಎಂದು ಅತ್ತೆಯವರು ಮೊದಲು ಕೇಳುವುದೇ ಅದನ್ನು.