ಮಿಷನ್ ಬಂಗಲೆಯ ಒಳಮನೆಗೂ ಚರಿತ್ರೆಯಿದೆ

ಬಾಸೆಲ್ ಮಿಷನ್ ಎಂದೊಡನೆ ಓದುಬರಹ ಬಲ್ಲ ಕನ್ನಡಿಗರಿಗೆ ಕೆಲವು ಇಸವಿಗಳು ಥಟ್ಟನೆ ನೆನಪಾಗುತ್ತವೆ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದದ್ದು, 1894ರಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು. ಅದರ ಹಿಂದೆಯೇ ಹಂಚಿನ ಕಾರ್ಖಾನೆ, ಮಗ್ಗ, ಖಾಕಿ ಬಟ್ಟೆಯ ಮಾತು ಬರುತ್ತದೆ. ಈ ಪಟ್ಟಿಯಲ್ಲಿರುವವರೆಲ್ಲ ಗಂಡಸರು. ಅವರನ್ನು ನಾವು ಮೇಜಿನ ಮುಂದೆ ಕೂತು ಬರೆಯುತ್ತಿರುವ ಒಂಟಿ ಸಾಧಕರಂತೆ ಚಿತ್ರಿಸಿಕೊಂಡಿದ್ದೇವೆ. ಆದರೆ ಅವರಲ್ಲಿ ಹೆಚ್ಚಿನವರು ಸಂಸಾರಸ್ಥರು. ಗೊತ್ತಿಲ್ಲದ ನಾಡಿನಲ್ಲಿ ಒಲೆ ಹೂಡಿ, ಮಕ್ಕಳನ್ನು ಹೆತ್ತು, ಹಲವರನ್ನು ಮಣ್ಣು ಮಾಡಿ, ಉಳಿದವರನ್ನು ಸಮುದ್ರದಾಚೆಗೆ ಕಳಿಸಿಕೊಟ್ಟ ಕುಟುಂಬಗಳವು. ಆ ಮನೆಗಳ ದಿನನಿತ್ಯದ ಬದುಕನ್ನು ಬಿಟ್ಟು ಬರೆದ ಮಿಷನ್ ಚರಿತ್ರೆ ಅರ್ಧ ಚರಿತ್ರೆ ಎಂಬುದು ಈ ಲೇಖನದ ವಾದ. ಮನೆಯೊಳಗಿನ ಸಂಗತಿಗಳನ್ನು ಸೇರಿಸಿಕೊಂಡರೆ ಮಿಷನರಿಗಳ ಬಗೆಗೆ ನಾವು ಕೊಡುವ ತೀರ್ಪೂ ಬದಲಾಗುತ್ತದೆ.

ಮೊದಲಿಗೆ ಮದುವೆಯನ್ನೇ ನೋಡೋಣ. ಬಾಸೆಲ್ ಮಿಷನ್ನಿನಲ್ಲಿ ಮದುವೆ ಸ್ವಂತ ನಿರ್ಧಾರವಾಗಿರಲಿಲ್ಲ. ತರಬೇತಿ ಮುಗಿಸಿದ ಯುವಕ ಅವಿವಾಹಿತನಾಗಿಯೇ ಹೊರದೇಶಕ್ಕೆ ಹೊರಡಬೇಕು. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷ ದುಡಿದು ತೋರಿಸಿದ ಮೇಲಷ್ಟೇ ಮದುವೆಗೆ ಅನುಮತಿ ಕೇಳಬಹುದು. ಬಾಸೆಲ್ ನಗರದಲ್ಲಿದ್ದ ಕಮಿಟಿ ಒಪ್ಪಿದರೆ ಮಾತ್ರ ಮದುವೆ. ಎಷ್ಟೋ ಸಲ ಹೆಣ್ಣನ್ನು ಹುಡುಕುತ್ತಿದ್ದುದೂ ಕಮಿಟಿ ಮತ್ತು ಅದರ ಪರಿಚಯದ ಪಾದ್ರಿಗಳ ಬಳಗವೇ. ದಕ್ಷಿಣ ಜರ್ಮನಿಯ ಅಥವಾ ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರ ಹುಡುಗಿ, ತಾನು ಕಂಡೇ ಇರದ ಗಂಡಿಗೆ ಕಾಗದದಲ್ಲೇ ಒಪ್ಪಿಗೆ ಕೊಟ್ಟು ಹಡಗು ಹತ್ತುತ್ತಿದ್ದಳು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಆಫ್ರಿಕಾವನ್ನು ಸುತ್ತಿಬರುವ ಹಡಗಿನ ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ದಡ ಸೇರಿದ ಕೆಲವೇ ದಿನಗಳಲ್ಲಿ ಮದುವೆ, ಮರುದಿನದಿಂದಲೇ ಸಂಸಾರ. ಗಂಡ, ಭಾಷೆ, ಊಟ, ಹವೆ ಎಲ್ಲವೂ ಆಕೆಗೆ ಏಕಕಾಲಕ್ಕೆ ಹೊಸತು. ಹಿರಿಯರು ನೋಡಿ ಗೊತ್ತುಮಾಡಿದ ಮದುವೆಗಳ ಈ ನಾಡಿಗೆ ಅಂಥದೇ ಮದುವೆಯ ಮೂಲಕ ಬಂದಿಳಿದ ಈ ಹೆಣ್ಣುಮಕ್ಕಳ ಸಂಕಟವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇವರ ಹೆಸರುಗಳು ನಮ್ಮ ಪುಸ್ತಕಗಳಲ್ಲಿ ‘ಮಿಷನರಿಯ ಪತ್ನಿ’ ಎಂಬಲ್ಲಿಗೆ ಮುಗಿದುಹೋಗುತ್ತವೆ.

ಹೊಸ ನಾಡಿನಲ್ಲಿ ನೆಲೆಯೂರುವುದೆಂದರೆ ಇವರಿಗೆ ಮೊದಲು ಮಳೆಯೊಡನೆ, ಜ್ವರದೊಡನೆ ಮಾಡಿಕೊಂಡ ಹೊಂದಾಣಿಕೆ. ಮಂಗಳೂರಿನ ಬಲ್ಮಠ, ತಲಶ್ಶೇರಿಯ ಇಲ್ಲಿಕುನ್ನು ಹೀಗೆ ಗುಡ್ಡದ ಮೇಲಿನ, ಗಾಳಿಯಾಡುವ ಜಾಗಗಳಲ್ಲಿ ಅವರು ವಾಸಮಾಡಿದರು. ಜೂನ್‌ನಿಂದ ನಾಲ್ಕು ತಿಂಗಳು ಸುರಿಯುವ ಕರಾವಳಿಯ ಮಳೆಯಲ್ಲಿ ಬಟ್ಟೆಗೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತಿತ್ತು. ಭೇದಿ, ಕಾಲರಾ, ಮಲೇರಿಯಾಗಳಿಗೆ ಬಾಣಂತಿಯರು ಮತ್ತು ಎಳೆಯ ಮಕ್ಕಳು ಮೊದಲು ಬಲಿಯಾಗುತ್ತಿದ್ದರು. ಕಾಯಿಲೆಬಿದ್ದವರು ಚೇತರಿಸಿಕೊಳ್ಳಲು ನೀಲಗಿರಿಯ ಕೇತಿಯಂಥ ತಂಪಿನ ಜಾಗಕ್ಕೆ ಹೋಗಬೇಕಾಗುತ್ತಿತ್ತು. ಇಂಥ ಸ್ಥಿತಿಯಲ್ಲಿ ಮನೆ ನಡೆದದ್ದು ಊರವರ ದುಡಿಮೆಯಿಂದ. ನೀರು ಸೇದುವವರು, ಅಡುಗೆಯವರು, ಬಟ್ಟೆ ಒಗೆಯುವವರು, ಮಗುವನ್ನು ಎತ್ತಿ ಆಡಿಸುವ ಆಯಾ, ಭಾಷೆ ಕಲಿಸುವ ಮುನ್ಷಿ ಇಲ್ಲದೆ ಯಾವ ಮಿಷನ್ ಬಂಗಲೆಯೂ ಒಂದು ವಾರ ನಿಲ್ಲುತ್ತಿರಲಿಲ್ಲ. ಗಂಡ ಮುನ್ಷಿಯ ಮುಂದೆ ಕೂತು ಗ್ರಂಥದ ಕನ್ನಡ ಕಲಿಯುತ್ತಿದ್ದರೆ, ಹೆಂಡತಿ ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಶಾಲೆಯ ಹುಡುಗಿಯರ ನಡುವೆ ಬಾಯಿಮಾತಿನ ಭಾಷೆ ಕಲಿಯಬೇಕಿತ್ತು. ಪರಕೀಯರು ಇಲ್ಲಿ ಬೇರುಬಿಟ್ಟರು ಎಂದು ಹೇಳುವಾಗ ಬೇರಿಗೆ ನೀರೆರೆದವರು ಯಾರೆಂಬುದನ್ನೂ ಹೇಳಬೇಕು. ಅವರ ಪೈಕಿ ಬಹುಪಾಲು ಜನರ ಹೆಸರು ಯಾವ ಗ್ರಂಥದ ಮುನ್ನುಡಿಯಲ್ಲೂ ಸಿಗುವುದಿಲ್ಲ.

ಈ ಮನೆಗಳ ಗೋಡೆ ಬಂಗಲೆಗಷ್ಟೇ ಸೀಮಿತವಾಗಿರಲಿಲ್ಲ ಎಂಬುದು ಇನ್ನೊಂದು ಮುಖ್ಯ ಸಂಗತಿ. ಕ್ರೈಸ್ತರಾದವರನ್ನು ಜಾತಿ ಹೊರಗಿಡುತ್ತಿತ್ತು. ಅವರ ಮನೆ, ಬಾವಿ, ಕಸುಬು ಎಲ್ಲವೂ ಕೈತಪ್ಪುತ್ತಿದ್ದವು. ಕರಾವಳಿಯಲ್ಲಿ ಮತಾಂತರ ಹೊಂದಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಹೀಗಾಗಿ ಅನ್ನ, ವಸತಿ, ಕೆಲಸ ಮೂರನ್ನೂ ಒದಗಿಸುವ ಹೊಣೆ ಮಿಷನ್ ಕಂಪೌಂಡಿನ ಮೇಲೆಯೇ ಬಿತ್ತು. ನೇಯ್ಗೆಯ ಮಗ್ಗಗಳೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭವಾದ ಹಂಚಿನ ಕಾರ್ಖಾನೆಯೂ ಹುಟ್ಟಿದ್ದು ಬಹುಮಟ್ಟಿಗೆ ಈ ಒತ್ತಡದಿಂದ. ಕೈಗಾರಿಕೆಯ ಚರಿತ್ರೆ ಎಂದು ನಾವು ಓದುವ ಅಧ್ಯಾಯದ ಬೇರು ಹೀಗೆ ಮನೆಯ ಅನ್ನದ ಪ್ರಶ್ನೆಯಲ್ಲಿದೆ. ಹೆಣ್ಣುಮಕ್ಕಳ ಶಿಕ್ಷಣದ ಕಥೆಯೂ ಅಷ್ಟೇ. ಫ್ರೆಂಚ್ ಮಾತಾಡುವ ಸ್ವಿಸ್ ಪ್ರಾಂತದಿಂದ ಬಂದ ಜೂಲಿ ಡ್ಯುಬ್ವಾ 1838ರಲ್ಲಿ ಜರ್ಮನ್ ವಿದ್ವಾಂಸ ಹರ್ಮನ್ ಗುಂಡರ್ಟ್ ಅವರನ್ನು ಮದುವೆಯಾಗಿ, ಅದೇ ವರ್ಷದ ಕೊನೆಗೆ ಮಂಗಳೂರಿಗೆ ಬಂದು, ಮರುವರ್ಷ ತಲಶ್ಶೇರಿಯಲ್ಲಿ ನೆಲೆಸಿದರು. ಅಲ್ಲಿ ಆಕೆ ಹೆಣ್ಣುಮಕ್ಕಳನ್ನು ಮನೆಯಂಗಳಕ್ಕೆ ಕರೆದು ಓದು, ಹೊಲಿಗೆ ಕಲಿಸಿದರು. ಅವರ ವಸತಿ, ಊಟ, ಕಾಯಿಲೆ, ಕಡೆಗೆ ಮದುವೆ ಮಾತುಕತೆಯವರೆಗೂ ಇಂಥ ಮಿಷನ್ ಗೃಹಿಣಿಯರ ಜವಾಬ್ದಾರಿ ಹಬ್ಬಿತ್ತು. ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ ಬಂತು, ಅದು ಎಲ್ಲರಿಗೂ ಗೊತ್ತು. ಜೂಲಿಯವರ ದಶಕಗಳ ದುಡಿಮೆಗೆ ಅಂಥ ಒಂದು ಪುಸ್ತಕರೂಪದ ಸಾಕ್ಷ್ಯವಿಲ್ಲ, ಹಾಗಾಗಿ ನೆನಪೂ ಇಲ್ಲ.

ಎಲ್ಲಕ್ಕಿಂತ ಕಠಿಣವಾದ ಅಧ್ಯಾಯ ಮಕ್ಕಳದು. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳೂ ಮಕ್ಕಳನ್ನು ತಾಯ್ನಾಡಿಗೆ ಕಳಿಸುತ್ತಿದ್ದರು. ಬಾಸೆಲ್ ಮಿಷನ್ನಿನಲ್ಲಿ ಅದು 1853ರಿಂದ ನಿಯಮವೇ ಆಯಿತು. ಶಾಲೆಗೆ ಹೋಗುವ ವಯಸ್ಸಾಗುತ್ತಲೇ ಮಗುವನ್ನು ಯುರೋಪಿಗೆ ಕಳಿಸಬೇಕು. ಅದಕ್ಕಾಗಿ ಬಾಸೆಲ್‌ನಲ್ಲಿ ಮಕ್ಕಳ ನಿಲಯವನ್ನೂ ತೆರೆಯಲಾಯಿತು. ಹವೆಯ ಭಯ ಒಂದು ಕಾರಣ. ತಂದೆತಾಯಿಯ ಧರ್ಮಕಾರ್ಯಕ್ಕೆ ಮಕ್ಕಳು ಅಡ್ಡಿಯಾಗಬಾರದು ಎಂಬುದು ಇನ್ನೊಂದು. ಮಗು ಸುತ್ತಲಿನ ಜನರ ರೀತಿನೀತಿಗೆ ಒಗ್ಗಿಹೋದೀತು ಎಂಬ ಅಂಜಿಕೆ ಮೂರನೆಯದು. ಆಯಾಳ ಮಡಿಲಲ್ಲಿ ಬೆಳೆದ ಮಕ್ಕಳು ಆಕೆಯ ನುಡಿಯನ್ನೇ ಸಲೀಸಾಗಿ ಆಡುತ್ತಿದ್ದರು. ಆ ಸಲೀಸುತನವೇ ಹಿರಿಯರಿಗೆ ಅಪಾಯವಾಗಿ ಕಂಡಿತು. ಗುಂಡರ್ಟ್ ದಂಪತಿಯ ಮಗಳು ಮಾರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಈ ನಿಯಮ ಬರುವ ಮೊದಲೇ, ಇನ್ನೂ ಎಳೆಯ ವಯಸ್ಸಿನಲ್ಲೇ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಇಲ್ಲಿಗೆ ಮರಳಿದರು. ಮತ್ತೆ ಅವರನ್ನು ಸೇರಲು ಆಕೆ ಭಾರತಕ್ಕೆ ಬಂದಾಗ ವಯಸ್ಸು ಹದಿನೈದು. ಮುಂದೆ ಆಕೆಯೂ ಮಿಷನರಿಯೊಬ್ಬರನ್ನು ಮದುವೆಯಾಗಿ, ವಿಧವೆಯಾಗಿ, ಮಂಗಳೂರಿನಲ್ಲಿ ಕೆಲಸಮಾಡಿ ಹೋಗಿದ್ದ ಯೊಹಾನೆಸ್ ಹೆಸ್ಸೆಯವರನ್ನು 1874ರಲ್ಲಿ ವರಿಸಿದರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಇವರ ಮಗ. ಪ್ರಸಿದ್ಧರ ತಾಯಿಯಾದ್ದರಿಂದ ಮಾರೀಯವರ ಬಾಲ್ಯ ದಾಖಲಾಗಿದೆ. ಅಪ್ಪ ಅಮ್ಮನ ಮುಖ ಮರೆತು ಬೆಳೆದ ಉಳಿದ ಮಕ್ಕಳ ಬಾಲ್ಯವೂ ಇದೇ ತೆರನಾದದ್ದು. ನಂಬಿಕೆಯ ಹೆಸರಿನಲ್ಲಿ ಎಳೆಯ ಮಕ್ಕಳಿಂದ ತಾಯಿಯನ್ನು ಕಿತ್ತುಕೊಂಡ ಈ ಏರ್ಪಾಡು ಕ್ರೂರವಾಗಿತ್ತು. ಅದನ್ನು ತ್ಯಾಗ ಎಂಬ ಮಾತಿನಲ್ಲಿ ಮುಚ್ಚಬಾರದು.

ಮನೆಯಲ್ಲಿ ನಡೆದದ್ದಕ್ಕೂ ಸಾಹಿತ್ಯ ಚರಿತ್ರೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿದೆ. ಮೋಗ್ಲಿಂಗ್ ಅವರೊಡನೆ ಕನ್ನಡದ ಕೆಲಸದಲ್ಲಿ ತೊಡಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ಪತ್ನಿ ಪೌಲೀನೆ ಮುಂದೆ ಮೋಗ್ಲಿಂಗ್ ಅವರ ಕೈಹಿಡಿದು ಕೊಡಗಿನಲ್ಲಿ ಸಂಸಾರ ಹೂಡಿದರು. 1860ರಲ್ಲಿ ಆಕೆಯ ಆರೋಗ್ಯ ಕೆಟ್ಟು ದಂಪತಿ ಯುರೋಪಿಗೆ ಹಿಂತಿರುಗಿದರು. ಕನ್ನಡದ ಹಳೆಯ ಕಾವ್ಯಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚುಹಾಕಿಸಿದ್ದ ಮೋಗ್ಲಿಂಗ್ ಮತ್ತೆ ಈ ನೆಲಕ್ಕೆ ಬರಲೇ ಇಲ್ಲ. ಕಿಟೆಲ್ 1860ರಲ್ಲಿ ಪೌಲೀನೆ ಐಟ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಜೂಲಿ ಆ ಮನೆಗೆ ಬಂದರು. ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಒಬ್ಬ ವ್ಯಕ್ತಿಯ ದಶಕಗಳ ದುಡಿಮೆ ಎಂದು ನಾವು ಹೊಗಳುತ್ತೇವೆ, ಅದು ನ್ಯಾಯವೇ. ಆದರೆ ಆ ದಶಕಗಳನ್ನು ಆ ವಿದ್ವಾಂಸನಿಗೆ ಬಿಡುವಾಗಿಸಿಕೊಟ್ಟವರು ಇಬ್ಬರು ಅಕ್ಕತಂಗಿಯರು, ಸ್ಥಳೀಯ ಪಂಡಿತರು, ಮನೆಗೆಲಸದವರು. ಯಾವ ಕೆಲಸ ಯಾವಾಗ ನಿಂತಿತು, ಯಾವುದು ಮುಂದುವರಿಯಿತು ಎಂಬುದನ್ನು ಮನೆಯ ಸಾವುನೋವುಗಳೇ ಎಷ್ಟೋ ಬಾರಿ ನಿರ್ಧರಿಸಿದವು.

ಇದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು: ಮಿಷನರಿಗಳು ಬಂದದ್ದು ಮತಾಂತರಕ್ಕಾಗಿ, ಅದೂ ಕಂಪನಿ ಸರಕಾರದ ನೆರಳಿನಲ್ಲಿ. ಅವರ ಅಡುಗೆಮನೆ, ಅಳುವ ಮಕ್ಕಳು, ಸತ್ತ ಹೆಂಡತಿಯರ ಕಥೆ ಹೇಳಿದರೆ ಓದುಗರಲ್ಲಿ ಮರುಕ ಹುಟ್ಟಿ ಪ್ರಶ್ನೆಗಳು ಮೊಂಡಾಗುವುದಿಲ್ಲವೇ? ಈ ಆತಂಕ ಸಹಜ. ಆದರೆ ಮನೆಯ ಚರಿತ್ರೆಯನ್ನು ಪ್ರಾಮಾಣಿಕವಾಗಿ ಬರೆದರೆ ಪ್ರಶ್ನೆಗಳು ಇನ್ನಷ್ಟು ಹರಿತವಾಗುತ್ತವೆ. ಮಿಷನ್ ಬಂಗಲೆ ಅಧಿಕಾರದ ಜಾಗವೂ ಆಗಿತ್ತು. ಶುಚಿತ್ವ, ಶಿಸ್ತು, ಹೆಣ್ಣಿನ ನಡತೆಗಳ ಬಗ್ಗೆ ತಮ್ಮ ಊರಿನ ಅಳತೆಗಳನ್ನೇ ತಂದು ಇಲ್ಲಿನ ಹುಡುಗಿಯರ ಮೇಲೆ ಹೇರಿದವರು ಇದೇ ಗೃಹಿಣಿಯರು. ಆಯಾಳ ಕೈಗೆ ಮಗುವನ್ನು ಕೊಟ್ಟು, ಆಕೆಯ ನುಡಿ ಮಗುವಿಗೆ ಅಂಟುವುದನ್ನು ಕೇಡೆಂದು ಬಗೆದದ್ದು ಇದೇ ಮನೆ. ಅದೇ ವೇಳೆಗೆ ಈ ಗಡಿಗಳು ಮನೆಯೊಳಗೇ ಕದಲಿದ್ದೂ ಉಂಟು. ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿ 1844ರಲ್ಲಿ ಕ್ರೈಸ್ತರಾದ ಹರ್ಮನ್ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ ಮಿಷನರಿಯಾಗಿ ಮರಳಿದರು. 1860ರಲ್ಲಿ ಜರ್ಮನಿಯ ಮಾರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಆ ಶತಮಾನದ ನಡುವೆ ಯುರೋಪಿನ ಹೆಣ್ಣೊಬ್ಬಳು ಈ ನಾಡಿನವರ ಮಡದಿಯಾಗಿ ಇಲ್ಲಿ ಬಾಳಿದ್ದು ಸಣ್ಣ ಸಂಗತಿಯಲ್ಲ. ಮಿಷನರಿಗಳೆಲ್ಲ ಪುಣ್ಯಪುರುಷರು ಎನ್ನುವವರೂ ಎಲ್ಲರೂ ಕುತಂತ್ರಿಗಳು ಎನ್ನುವವರೂ ಈ ಮನೆಗಳ ಒಳಗೆ ಹೊಕ್ಕರೆ ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಎರಡನೆಯ ಆಕ್ಷೇಪ ಆಧಾರಗಳದ್ದು. ಈ ಕುಟುಂಬಗಳು ಬರೆದ ಪತ್ರ, ವರದಿಗಳು ದಾನಿಗಳ, ಕಮಿಟಿಯ ಕಣ್ಣಿಗೆ ಬೀಳುತ್ತವೆಂಬ ಅರಿವಿನಲ್ಲೇ ಬರೆದವು. ಭಕ್ತಿಯ ಮಾತು ಹೆಚ್ಚು, ಬೇಸರ ಕಡಿಮೆ. ಸ್ಥಳೀಯರ ದನಿಯಂತೂ ಅವುಗಳಲ್ಲಿ ಮಿಷನರಿಯ ಬಾಯಿಂದಲೇ ಕೇಳಬೇಕು. ಈ ಮಾತು ನಿಜ. ಆದರೆ ಒಂದೇ ಕಡೆಯ ದಾಖಲೆ ಎಂದು ಬದಿಗಿಡುವುದಾದರೆ ಶಾಸನಗಳನ್ನೂ ಕಂಪನಿಯ ಕಡತಗಳನ್ನೂ ಬದಿಗಿಡಬೇಕಾದೀತು. ಚರಿತ್ರೆಕಾರನ ಕೆಲಸವೇ ಬರೆದವರ ಉದ್ದೇಶವನ್ನು ದಾಟಿ ಓದುವುದು. ಮನೆಯವರಿಗೆ ಬರೆದ ಖಾಸಗಿ ಕಾಗದ, ದಿನಚರಿ, ಹಳೆಯ ಛಾಯಾಚಿತ್ರಗಳನ್ನು ಅಧಿಕೃತ ವರದಿಯ ಪಕ್ಕದಲ್ಲಿಟ್ಟು ನೋಡಿದರೆ ವರದಿ ಬಚ್ಚಿಟ್ಟದ್ದು ಹೊರಬೀಳುತ್ತದೆ. ಮತಾಂತರಗೊಂಡ ಕುಟುಂಬಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ನೆನಪುಗಳೂ ನಮ್ಮ ಜಿಲ್ಲೆಗಳಲ್ಲೇ ಇವೆ. ಇನ್ನು ಇದೆಲ್ಲ ಸಂಸಾರದ ಸಣ್ಣಪುಟ್ಟ ವಿಚಾರ ಎನ್ನುವವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಕರಾವಳಿಯ ಮನೆಗಳನ್ನು ನೆನೆಯಲಿ. ಮಕ್ಕಳನ್ನು ಅಜ್ಜಅಜ್ಜಿಯರ ಬಳಿ ಬಿಟ್ಟು ಪರದೇಶದಲ್ಲಿ ಬದುಕು ಕಟ್ಟುವ ಕಷ್ಟ ಅಲ್ಲಿ ಯಾರಿಗೂ ಸಣ್ಣದಲ್ಲ. ಇವತ್ತು ದೊಡ್ಡದಾದದ್ದು ಅಂದು ಸಣ್ಣದಾಗಿರಲು ಸಾಧ್ಯವಿಲ್ಲ.

ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಬಾಸೆಲ್‌ನ ಪತ್ರಾಗಾರ ಸಂಶೋಧಕರಿಗೆ ತೆರೆದಿದೆ, ಅಲ್ಲಿನ ಅಪಾರ ಛಾಯಾಚಿತ್ರಗಳನ್ನು ಅಂತರ್ಜಾಲದಲ್ಲೂ ನೋಡಬಹುದು. ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೂ ಹಳೆಯ ದಾಖಲೆಗಳಿವೆ. ಆದರೆ ಮುಖ್ಯ ಆಕರಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯಲ್ಲಿದ್ದು, ಅವುಗಳಲ್ಲಿ ಹಲವು ಹಳೆಯ ಕೈಬರಹದವು. ನಮ್ಮ ವಿಶ್ವವಿದ್ಯಾಲಯಗಳು ಜರ್ಮನ್ ಬಲ್ಲ ಯುವ ಸಂಶೋಧಕರನ್ನು ತಯಾರುಮಾಡಿ, ಮಿಷನ್ ಹೆಣ್ಣುಮಕ್ಕಳ ಪತ್ರ ಮತ್ತು ದಿನಚರಿಗಳನ್ನು ಕನ್ನಡಕ್ಕೆ ತರುವ ಯೋಜನೆ ಹಮ್ಮಿಕೊಳ್ಳಬೇಕು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕೊಡಗಿನ ಹಳೆಯ ಕ್ರೈಸ್ತ ಕುಟುಂಬಗಳಲ್ಲಿರುವ ನೆನಪು, ಕಾಗದ, ಚಿತ್ರಗಳನ್ನು ಹಿರಿಯರು ಇರುವಾಗಲೇ ದಾಖಲಿಸಬೇಕು. ಬೆಂಗಳೂರಿನ ಮೇಯೋ ಹಾಲ್ ಬಳಿ ಕಿಟೆಲ್ ಅವರ ಪ್ರತಿಮೆ ನಿಲ್ಲಿಸಿ ಕನ್ನಡನಾಡು ಋಣ ನೆನೆದಿದೆ. ಆ ಋಣದಲ್ಲಿ ಪೌಲೀನೆ, ಜೂಲಿ, ಮಾರೀ ಅವರಿಗೂ, ಹೆಸರಿಲ್ಲದ ಮುನ್ಷಿಗಳಿಗೂ, ಆಯಾಗಳಿಗೂ ಪಾಲಿದೆ. ಮುಂದಿನ ಪೀಳಿಗೆಗೆ ಬರೆಯುವ ಚರಿತ್ರೆಯ ಪುಸ್ತಕಗಳಲ್ಲಾದರೂ ಆ ಪಾಲು ಅವರಿಗೆ ಸಲ್ಲಲಿ.