ವೇಗವೋ, ಸ್ಥೈರ್ಯವೋ?

ಜಯನಗರ, ಬನಶಂಕರಿ ಬಡಾವಣೆಗಳ ಅನೇಕ ಮನೆಗಳಿಗೆ ಇಂದು ಅಂತರಜಾಲವು ಗಾಜಿನ ಎಳೆಯ ಮೂಲಕ ಬರುತ್ತದೆ. ಆದುದರಿಂದ, ದೂರವಾಣಿಯ ತಾಮ್ರದ ತಂತಿಯನ್ನೇ ನಂಬಿದ್ದ ಕಾಲವನ್ನು ನಮ್ಮ ಕಿರಿಯ ವಾಚಕರಲ್ಲಿ ಬಹುಮಂದಿ ಕಂಡಿರಲಾರರು. ವಿದೇಶ ಸಂಚಾರ ನಿಗಮವು ಭಾರತದ ಸಾರ್ವಜನಿಕರಿಗೆ ಅಂತರಜಾಲವನ್ನು ಒದಗಿಸಲಾರಂಭಿಸಿದುದು 1995ರ ಆಗಸ್ಟ್ 15ರಂದು. ಅನಂತರ ಹಲವು ವರ್ಷಗಳ ಕಾಲ, ಮನೆಯ ಗಣಕವು ಜಾಲವನ್ನು ಸೇರಬೇಕಾದರೆ ಮೋಡೆಮ್ ಎಂಬ ಉಪಕರಣವು ದೂರವಾಣಿಯಲ್ಲಿ ಕರೆ ಮಾಡಿ, ಕೀರಲು ದನಿಯಲ್ಲಿ ಅತ್ತಲಿನ ಮೋಡೆಮಿನೊಡನೆ ಮಾತನಾಡಬೇಕಾಗಿದ್ದಿತು.

1999ರ ಮಳೆಗಾಲದಲ್ಲಿ ಜಯನಗರದ ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದ್ದಿತು. ಅದರ ಸಂಪರ್ಕವು ಐದು ನಿಮಿಷ ನಿಂತರೆ ಹೆಚ್ಚು. ನಾವು ಬೀದಿಯ ತಂತಿಯನ್ನು ದೂರಿದೆವು, ಲ್ಯಾಪ್‌ಟಾಪನ್ನು ದೂರಿದೆವು, ಕೊನೆಗೆ ಹೆಚ್ಚು ವೇಗದ ಮೋಡೆಮನ್ನೂ ಕೊಂಡೆವು. ಫಲ ಮಾತ್ರ ಸೊನ್ನೆ.

ಇದಕ್ಕೆ ಕಾರಣವೇನು? ದೂರವಾಣಿಯ ಮಾರ್ಗವನ್ನು ನಿರ್ಮಿಸಿದುದು ಮನುಷ್ಯನ ಮಾತಿಗಾಗಿ. ಸೆಕೆಂಡಿಗೆ ಸುಮಾರು 300ರಿಂದ 3400 ಕಂಪನಗಳ ದನಿಗಳನ್ನು ಮಾತ್ರ ಅದು ಚೆನ್ನಾಗಿ ಸಾಗಿಸುತ್ತದೆ. ಇಂತಹ ಮಾರ್ಗದಲ್ಲಿ ತಪ್ಪಿಲ್ಲದೆ ಕಳುಹಬಹುದಾದ ಸಂಕೇತಗಳಿಗೆ ಒಂದು ಮಿತಿಯುಂಟೆಂದೂ, ಮಾರ್ಗದ ಗದ್ದಲವು ಹೆಚ್ಚಿದಷ್ಟೂ ಆ ಮಿತಿಯು ತಗ್ಗುವುದೆಂದೂ ಕ್ಲಾಡ್ ಶಾನನ್ 1948ರಲ್ಲಿಯೇ ತೋರಿಸಿಕೊಟ್ಟಿದ್ದನು. ಗದ್ದಲದ ತಂತಿಗೆ ವೇಗದ ಮೋಡೆಮನ್ನು ಜೋಡಿಸುವುದೆಂದರೆ ಸಂತೆಯ ನಡುವೆ ಅವಸರವಾಗಿ ಪಿಸುಗುಟ್ಟಿದಂತೆಯೇ ಸರಿ.

ಬಳಿಕ ನಾವು ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಿ ಪರೀಕ್ಷಿಸಿದೆವು. ಮಾತಿನ ನಡುವೆ ಬೇರೆ ಕರೆ ಬಂದುದನ್ನು ತಿಳಿಸುವ ಸೌಲಭ್ಯವನ್ನು ನಿಲ್ಲಿಸಿದೆವು. ತಂತಿಯು ಮನೆಯನ್ನು ಹೊಗುವ ಸ್ಥಳದಲ್ಲಿಯೇ ಮೋಡೆಮನ್ನು ಜೋಡಿಸಿದಾಗ ಸಂಪರ್ಕವು ಬಹಳ ಹೊತ್ತು ನಿಂದಿತು. ದೋಷವು ಮನೆಯೊಳಗೇ ಇದ್ದಿತು! ಇನ್ನೊಂದು ಕೋಣೆಯ ದೂರವಾಣಿಗೆಂದು ನಾವೇ ಹೊಸೆದು ಸೇರಿಸಿದ್ದ ತಂತಿಯ ಗಂಟು, ಕಿಟಕಿಯ ಬಳಿ ಮಳೆಗೆ ತೊಯ್ದು ತುಕ್ಕು ಹಿಡಿದಿದ್ದಿತು. ಬಗಲಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಉಳಿದ ಅಲ್ಪಸ್ವಲ್ಪ ಗದ್ದಲಕ್ಕೆ ಮದ್ದು, ಮೋಡೆಮಿನ ವೇಗವನ್ನು ಸೆಕೆಂಡಿಗೆ 33,600 ಬಿಟ್‌ಗಳಿಂದ 28,800ಕ್ಕೆ ಇಳಿಸಿದುದು.

ವೇಗವನ್ನಿಳಿಸಿ ಲಾಭ ಪಡೆಯುವುದೆಂತು? ಲೆಕ್ಕವಿಷ್ಟೆ. 2 ಮೆಗಾಬೈಟಿನ ಒಂದು ಕಡತವು 33,600ರ ವೇಗದಲ್ಲಿ ಸುಮಾರು 8 ನಿಮಿಷಗಳಲ್ಲಿ ಬರಬೇಕು. ಸಂಪರ್ಕವು ಐದು ನಿಮಿಷಕ್ಕೊಮ್ಮೆ ಕಡಿದು, ಪ್ರತಿ ಸಲವೂ ಮೊದಲಿನಿಂದ ಆರಂಭಿಸಬೇಕಾದರೆ ಅದು ಎಂದಿಗೂ ಬಂದು ಸೇರದು. 28,800ರ ವೇಗದಲ್ಲಿ ಸುಮಾರು ಒಂಬತ್ತೂಕಾಲು ನಿಮಿಷ ಹಿಡಿದರೂ ಕೆಲಸವು ಮುಗಿಯುತ್ತದೆ. ನಿಧಾನವೇ ಪ್ರಧಾನವೆಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಗಣಿತದ ಸಾಕ್ಷ್ಯ ಬೇಕೆ?

ತಾಮ್ರದ ತಂತಿಯ ಕಾಲವು ಕಳೆಯಿತು, ಈ ಪುರಾಣವೇಕೆ ಎನ್ನುವವರಿರಬಹುದು. ಕಾಲವು ಕಳೆದರೂ ಪಾಠವು ಕಳೆದಿಲ್ಲ. 2020 ಮತ್ತು 2021ರಲ್ಲಿ, ಶಾಲೆಗಳು ಮುಚ್ಚಿದ್ದಾಗ, ಮಲೆನಾಡು ಕರಾವಳಿಗಳ ಎಷ್ಟೋ ವಿದ್ಯಾರ್ಥಿಗಳು ಪಾಠ ಕೇಳುವುದಕ್ಕಾಗಿ ಸಂಕೇತವನ್ನರಸಿ ಗುಡ್ಡ ಹತ್ತಬೇಕಾಯಿತು. ಅವರಿಗೆ ಬೇಕಾಗಿದ್ದುದು ಅತಿಶಯವಾದ ವೇಗವಲ್ಲ, ಪಾಠವು ಮುಗಿಯುವ ತನಕ ಕಡಿಯದಿರುವ ಸಂಪರ್ಕ. ಆದರೂ ಜಾಹೀರಾತುಗಳು ಹೊಗಳುವುದು ಗರಿಷ್ಠ ವೇಗವನ್ನು. ಎರಡು ಪುಟದ ಬರಹಕ್ಕೆ ಹತ್ತು ದೊಡ್ಡ ಚಿತ್ರಗಳನ್ನು ಹೊರಿಸುವ ಜಾಲಪುಟಗಳ ರಚನಕಾರರು, ಬಡವಾದ ಸಂಪರ್ಕವುಳ್ಳವನ ಮುಂದೆ ಬಾಗಿಲನ್ನು ಹಾಕುತ್ತಿದ್ದಾರೆಂದೇ ನಾವು ಹೇಳುತ್ತೇವೆ.

ಹಳೆಯದೆಲ್ಲವೂ ಒಳ್ಳೆಯದೆಂಬುದು ನಮ್ಮ ವಾದವಲ್ಲ. ರಕ್ಷಣೆಯ ಹೊಸ ತಿದ್ದುಪಡಿಗಳು ದೊರೆಯದ ಲ್ಯಾಪ್‌ಟಾಪಿನಲ್ಲಿ ಹಣದ ವ್ಯವಹಾರ ಮಾಡುವುದು ತರವಲ್ಲ. ಆದರೆ ದೋಷವು ಎಲ್ಲಿದೆಯೆಂದು ಪರೀಕ್ಷಿಸದೆ ಯಂತ್ರವನ್ನು ಕಸಕ್ಕೆಸೆಯುವುದೂ ವಿಜ್ಞಾನವಲ್ಲ. ನಾಳಿನ ಇಂಜಿನಿಯರುಗಳಾಗುವ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ನೀವು ಏನನ್ನೇ ನಿರ್ಮಿಸಿದರೂ, ಅದನ್ನು ಊರಿನ ಅತ್ಯಂತ ದುರ್ಬಲವಾದ ತಂತಿಯ ತುದಿಯಲ್ಲಿ ಕುಳಿತು ಒಮ್ಮೆ ಪರೀಕ್ಷಿಸಿರಿ.