ಸುಜೂದ್‌ನ ನೆಲ ಹೇಗಿರಬೇಕು?

ಕಲ್ಲಿಗೆ ಬರವಿಲ್ಲದ ಜಿಲ್ಲೆ ನಮ್ಮ ಕೋಲಾರ. ಮದ್ರಸಾ ಸಭಾಂಗಣ ಕಟ್ಟುವಾಗ ಕಮಿಟಿಯವರ ಕಣ್ಣು ಮೊದಲು ಬೀಳುವುದು ಹೊಳೆಯುವ ಗ್ರಾನೈಟಿನ ಮೇಲೆ. ಆದರೆ 800 ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ, ಡಿಸೆಂಬರಿನ ಫಜ್ರ್ ಹೊತ್ತಿಗೆ ವುಝೂ ಮಾಡಿದ ಒದ್ದೆ ಪಾದವನ್ನು ಆ ಕಲ್ಲಿನ ಮೇಲಿಡುವ ವೃದ್ಧರನ್ನು ಕೇಳಿ ನೋಡಿ. ಕಲ್ಲು ಮೈಯ ಬಿಸಿಯನ್ನು ಬೇಗನೆ ಹೀರಿಕೊಳ್ಳುತ್ತದೆ. ಸದ್ದನ್ನಾದರೋ ಹೀರದೆ ಹಿಂದಿರುಗಿಸುತ್ತದೆ. ಮೂವತ್ತು ಮಕ್ಕಳು ಒಟ್ಟಿಗೆ ಸಬಕ್ ಓದುವಾಗ ಯಾರ ತಜ್ವೀದ್ ತಪ್ಪಿತೆಂಬುದೇ ಉಸ್ತಾದರಿಗೆ ತಿಳಿಯದು.

ನೆಲದಡಿ ವಿದ್ಯುತ್ ತಂತಿ ಹಾಸಿ ಬಿಸಿ ಮಾಡೋಣವೆನ್ನುವವರೂ ಇದ್ದಾರೆ. ಒಲೆಯ ಬಿಸಿಹೊಗೆಯನ್ನು ನೆಲದ ಕೆಳಗೆ ಹಾಯಿಸುವ ಒಂಡೋಲ್ ಪದ್ಧತಿ ಹಿಮ ಬೀಳುವ ಕೊರಿಯಾಕ್ಕೆ ಒಪ್ಪುತ್ತದೆ. ನಮ್ಮ ಎರಡು ತಿಂಗಳ ಚಳಿಗಾಗಿ ಚಂದಾ ಹಣವನ್ನು ಹೀಗೆ ಸುರಿಯುವುದು ಇಸ್ರಾಫ್ ಎಂದೇ ನನ್ನ ಅಭಿಪ್ರಾಯ.

ಪ್ರವಾದಿವರ್ಯರ(ಸ) ಮಸೀದಿಯ ನೆಲ ಬರಿಯ ಮಣ್ಣು. ಮಳೆ ಸುರಿದ ರಾತ್ರಿ ಅವರ ಹಣೆಗೆ ಕೆಸರು ಅಂಟಿದ್ದನ್ನು ಅಬೂ ಸಈದ್ ಅಲ್ ಖುದ್ರಿ(ರ) ವರದಿ ಮಾಡಿದ್ದಾರೆ. ಹಾಗೆಂದು ಹಾಸು ನಿಷಿದ್ಧವಲ್ಲ. ಖರ್ಜೂರದ ಗರಿಯ ಚಾಪೆಯ ಮೇಲೂ ಅವರು ನಮಾಝ್ ಮಾಡಿದ್ದಾರೆ. ಚಿತ್ತಾರದ ಹೊದಿಕೆ ನಮಾಝಿನಲ್ಲಿ ಗಮನ ಸೆಳೆಯಿತೆಂದು ಅದನ್ನು ಅಬೂ ಜಹ್ಮ್‌ರಿಗೆ(ರ) ಕಳುಹಿಸಿ, ಸಾದಾ ಹೊದಿಕೆ ತರಿಸಿಕೊಂಡದ್ದೂ ಹದೀಸಿನಲ್ಲಿದೆ. (ಅಂಗಡಿಯಲ್ಲಿ ಬಣ್ಣಬಣ್ಣದ ಮಿಹ್ರಾಬ್ ಚಿತ್ರಕ್ಕೆ ಮರುಳಾಗುವವರು ಗಮನಿಸಬೇಕು.)

ಆದುದರಿಂದ ಕಲ್ಲು ಇರಲಿ. ಅದರ ಮೇಲೆ ದಪ್ಪ ಫೆಲ್ಟ್, ಫೆಲ್ಟಿನ ಮೇಲೆ ಚಿತ್ತಾರವಿಲ್ಲದ ಕಾರ್ಪೆಟ್ ಸಾಕು. ಎಳೆಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಮೇಲಂತಸ್ತಿನ ಹೆಜ್ಜೆಸದ್ದೂ ತಗ್ಗುತ್ತದೆ. ಆದರೆ ಅಂಟಿಸಬೇಡಿ. ನಮ್ಮ ಧೂಳಿಗೆ ಅದು ಆಗಾಗ ಸುತ್ತಿ ಒಯ್ದು ಕೊಡವಿ, ಬಿಸಿಲಿಗೆ ಹಾಕುವಂತಿರಬೇಕು. ಹಣ ಒಂದೇ ಕೋಣೆಗೆ ಸಾಲುವುದಾದರೆ ಮೊದಲು ಮಕ್ಕಳು ಕೂರುವ ಕೋಣೆಗೆ ಹಾಸಿ.